ಪೈಲಟ್ ಕೈಲಿರುವ ಫೋನು ಏನೇನು ಲೆಕ್ಕ ಹಾಕುತ್ತದೆ?

ಬೆಂಗಳೂರಿನ ಜಕ್ಕೂರಿನಿಂದ ಮೈಸೂರಿಗೆ ಒಂದು ಚಿಕ್ಕ ವಿಮಾನ ಹೊರಟಿದೆ ಅಂತ ಇಟ್ಟುಕೊಳ್ಳಿ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ದೂರ ಸುಮಾರು 75 ನಾಟಿಕಲ್ ಮೈಲಿ, ಅಂದರೆ ಹತ್ತಿರ ಹತ್ತಿರ 139 ಕಿಲೋಮೀಟರ್. ವಿಮಾನದ ವೇಗ ಗಂಟೆಗೆ 100 ನಾಟಿಕಲ್ ಮೈಲಿ. ಇದನ್ನೇ 100 ನಾಟ್ ಅನ್ನುತ್ತಾರೆ. ಮುಂಗಾರಿನ ದಿನ. ಪಡುವಣದಿಂದ 25 ನಾಟ್ ಗಾಳಿ ಬೀಸುತ್ತಿದೆ.

ಪೈಲಟ್ ಆಗಲು ಓದುವವರಿಗೆ ನಾನು ನ್ಯಾವಿಗೇಶನ್ ಪಾಠ ಹೇಳುತ್ತೇನೆ. ಈ ಲೆಕ್ಕವನ್ನು ಪ್ರತಿ ತಂಡಕ್ಕೂ ಕೊಡುತ್ತೇನೆ. ಒಂದು ಸಲ ಒಬ್ಬ ವಿದ್ಯಾರ್ಥಿನಿ ಎಲ್ಲರಿಗಿಂತ ಮೊದಲು ಫೋನಿನಲ್ಲಿ ಲೆಕ್ಕ ಮುಗಿಸಿ ಕೈ ಎತ್ತಿದಳು.

"ಎಷ್ಟು ಹೊತ್ತಾಗುತ್ತಮ್ಮ ಮೈಸೂರಿಗೆ?"

"ಮೂವತ್ತೆಂಟು ನಿಮಿಷ ಸರ್."

"ಗಾಳಿ ಎಲ್ಲಿಂದ ಬರ್ತಿದೆ?"

"ಪಡುವಣದಿಂದ ಸರ್. ಮುಂಗಾರು ಅಲ್ವಾ."

"ಮೈಸೂರು ಯಾವ ಕಡೆಗಿದೆ?"

"ನೈಋತ್ಯಕ್ಕೆ..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ಮತ್ತೆ ಫೋನ್ ನೋಡಿದಳು.

ಗಾಳಿಯೇ ಇಲ್ಲದಿದ್ದರೂ 75 ಮೈಲಿಗೆ 45 ನಿಮಿಷ ಬೇಕು. ಗಾಳಿಗೆ ಎದುರಾಗಿ ಹೋಗುವ ವಿಮಾನ ಅದಕ್ಕಿಂತ ಬೇಗ ತಲುಪುವುದು ಹೇಗೆ? ಆದದ್ದು ಇಷ್ಟೇ. ದಿಕ್ಕನ್ನು ಬಡಗಣದಿಂದ ಬಲಕ್ಕೆ ಸುತ್ತುತ್ತಾ ಡಿಗ್ರಿಯಲ್ಲಿ ಎಣಿಸುತ್ತಾರೆ: ಮೂಡಣ 90, ಪಡುವಣ 270. ಗಾಳಿಯ ದಿಕ್ಕು ಕೇಳಿದ ಜಾಗದಲ್ಲಿ ಅವಳು 270 ಅಂತ ಒತ್ತಬೇಕಿತ್ತು. ಗಾಳಿ ಹೋಗುತ್ತಿರುವುದು ಮೂಡಣಕ್ಕೆ ಅಂತ ಯೋಚಿಸಿ 90 ಅಂತ ಒತ್ತಿದ್ದಳು. ಪೈಲಟ್‌ಗಳ ಲೋಕದಲ್ಲಿ ಗಾಳಿಯ ದಿಕ್ಕು ಎಂದರೆ ಅದು ಬರುವ ದಿಕ್ಕು. ನಮ್ಮ ಹಳ್ಳಿಗಳಲ್ಲೂ ಹಾಗೇ ಅಲ್ವಾ, ಮೂಡಗಾಳಿ ಅಂದರೆ ಮೂಡಣದಿಂದ ಬರುವ ಗಾಳಿ. ಸರಿಯಾದ ಅಂಕಿ ಒತ್ತಿದ ಮೇಲೆ ಉತ್ತರ 56 ನಿಮಿಷ ಬಂತು. ಹದಿನೆಂಟು ನಿಮಿಷದ ವ್ಯತ್ಯಾಸ. ಗಂಟೆಗೆ 30 ಲೀಟರ್ ಕುಡಿಯುವ ವಿಮಾನಕ್ಕೆ ಅದು 9 ಲೀಟರ್ ಪೆಟ್ರೋಲು.

ಆ್ಯಪ್ ತಪ್ಪು ಮಾಡಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಟ್ಟಿತು. ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಇಂಥ ಆ್ಯಪ್‌ಗಳ ಒಳಗೆ ನಿಜವಾಗಿ ಏನು ನಡೆಯುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಹೊರಗಿನಿಂದ ನೋಡಿದರೆ ಅದು ನಾಲ್ಕು ಖಾಲಿ ಚೌಕ, ಒಂದು ಗುಂಡಿ. ಒಳಗಿರುವ ಲೆಕ್ಕಗಳು ಹತ್ತನೇ ತರಗತಿ ಗಣಿತ ಓದಿದವರಿಗೆ ಅರ್ಥವಾಗುವಂಥವೇ. ಆದರೆ ಒಂದೊಂದರ ಹಿಂದೆಯೂ ಯಾರದೋ ಪ್ರಾಣ ಇದೆ.

ಹರಿಗೋಲಿನವರಿಗೆ ಗೊತ್ತಿರುವ ತ್ರಿಕೋನ

ತುಂಗಭದ್ರೆಯಲ್ಲಿ ಹರಿಗೋಲು ದಾಟಿಸುವವರನ್ನು ನೋಡಿದ್ದೀರಾ? ಎದುರು ದಡದಲ್ಲಿ ಇಳಿಯಬೇಕಾದ ಕಲ್ಲಿಗೆ ನೇರವಾಗಿ ಅವರು ಹುಟ್ಟು ಹಾಕುವುದಿಲ್ಲ. ಹೊಳೆಯ ಮೇಲ್ಭಾಗಕ್ಕೆ ಗುರಿಯಿಟ್ಟು ಹೊರಡುತ್ತಾರೆ. ನೀರು ಅವರನ್ನು ಕೆಳಕ್ಕೆ ತಳ್ಳುತ್ತದೆ. ಎರಡೂ ಸೇರಿ ಹರಿಗೋಲು ಬೇಕಾದ ಕಲ್ಲಿಗೇ ಬಂದು ತಾಗುತ್ತದೆ. ಎಷ್ಟು ಮೇಲಕ್ಕೆ ಗುರಿಯಿಡಬೇಕು ಅನ್ನುವುದು ನೀರಿನ ಸೆಳೆತದ ಮೇಲೆ ಹೋಗುತ್ತದೆ.

ವಿಮಾನದ್ದೂ ಇದೇ ಕಥೆ. ಹೊಳೆಯ ಬದಲು ಗಾಳಿ, ಅಷ್ಟೇ. ವಿಮಾನ ಗಾಳಿಯೊಳಗೆ ಹೋಗುತ್ತದೆ. ಆ ಗಾಳಿಯೇ ನೆಲದ ಮೇಲೆ ಎಲ್ಲಿಗೋ ಹೋಗುತ್ತಿರುತ್ತದೆ. ಹಾಗಾಗಿ ಮೂರು ಗೆರೆಗಳ ಒಂದು ತ್ರಿಕೋನ ಆಗುತ್ತದೆ: ವಿಮಾನದ ಮೂತಿ ತೋರುವ ದಿಕ್ಕು ಮತ್ತು ವೇಗ, ಗಾಳಿಯ ದಿಕ್ಕು ಮತ್ತು ವೇಗ, ಎರಡೂ ಸೇರಿ ನೆಲದ ಮೇಲೆ ಆಗುವ ನಿಜವಾದ ದಾರಿ ಮತ್ತು ವೇಗ. ಇದರಲ್ಲಿ ಗೊತ್ತಿರುವುದನ್ನು ಕೊಟ್ಟು ಗೊತ್ತಿಲ್ಲದ್ದನ್ನು ತೆಗೆಯುವುದೇ ಆ್ಯಪ್‌ನ ಮೊದಲ ಕೆಲಸ.

ನಮ್ಮ ಮೈಸೂರಿನ ದಾರಿ ಸುಮಾರು 228 ಡಿಗ್ರಿ. ಗಾಳಿ 270ರಿಂದ. ನಡುವಿನ ಕೋನ 42 ಡಿಗ್ರಿ. 25 ನಾಟ್ ಗಾಳಿಯನ್ನು 42ರ ಸೈನ್‌ನಿಂದ ಗುಣಿಸಿದರೆ ಪಕ್ಕದಿಂದ ತಳ್ಳುವ ಪಾಲು ಸುಮಾರು 17 ನಾಟ್. ಕೊಸೈನ್‌ನಿಂದ ಗುಣಿಸಿದರೆ ಎದುರಿನಿಂದ ತಡೆಯುವ ಪಾಲು 18ಕ್ಕಿಂತ ಸ್ವಲ್ಪ ಜಾಸ್ತಿ. ಪಕ್ಕದ ತಳ್ಳುವಿಕೆಗೆ ಸಮ ಮಾಡಲು ಮೂತಿಯನ್ನು ಬಲಕ್ಕೆ ಹತ್ತು ಡಿಗ್ರಿಯಷ್ಟು ತಿರುಗಿಸಬೇಕು. ನೆಲದ ಮೇಲಿನ ವೇಗ 80 ನಾಟ್‌ಗೆ ಇಳಿಯುತ್ತದೆ. ಇಷ್ಟೇ ಸೂತ್ರ. ಆ್ಯಪ್ ಇದನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ.

ವಾಪಸ್ ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ. ವೇಗ 117 ನಾಟ್, ಸಮಯ 38 ನಿಮಿಷ ಚಿಲ್ಲರೆ. ಹೋಗಿ ಬರಲು ಒಟ್ಟು 95 ನಿಮಿಷ. ಗಾಳಿಯಿಲ್ಲದ ದಿನ 90 ನಿಮಿಷ ಸಾಕಿತ್ತು. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರಾ ಸಿಗುವುದಿಲ್ಲ. ಎದುರು ಗಾಳಿಯಲ್ಲಿ ನಾವು ಜಾಸ್ತಿ ಹೊತ್ತು ಇರುತ್ತೇವೆ, ಅದಕ್ಕೆ. ಇದನ್ನು ಮೊದಲ ಸಲ ಕೇಳಿದಾಗ ಬಹಳ ಮಂದಿ ನಂಬುವುದಿಲ್ಲ. ಕಾಗದದ ಮೇಲೆ ಒಂದು ಸಲ ಮಾಡಿ ನೋಡಿದರೆ ಮರೆಯುವುದೂ ಇಲ್ಲ.

ಬ್ಯಾಟರಿ ಬೇಡದ ಕಂಪ್ಯೂಟರ್

ಫೋನು ಬರುವ ಮೊದಲು ಈ ತ್ರಿಕೋನ ಬಿಡಿಸಲು ಪೈಲಟ್‌ಗಳ ಹತ್ತಿರ ಒಂದು ತಟ್ಟೆ ಇತ್ತು. ಈಗಲೂ ಇದೆ. ಅದರ ಹೆಸರು ಇ6ಬಿ. 1930ರ ದಶಕದಲ್ಲಿ ಅಮೆರಿಕದ ಫಿಲಿಪ್ ಡಾಲ್ಟನ್ ಎಂಬುವರು ಇದನ್ನು ರೂಪಿಸಿದರು. ಇ6ಬಿ ಅನ್ನುವುದು ಅಮೆರಿಕದ ಸೇನೆ ಕೊಟ್ಟ ಸಾಮಾನು ಸಂಖ್ಯೆ, ಅದೇ ಹೆಸರಾಗಿ ಉಳಿಯಿತು. ಎರಡನೇ ಮಹಾಯುದ್ಧದಲ್ಲಿ ಇದು ಸಾವಿರಾರು ಪೈಲಟ್‌ಗಳ ಕೈಯಲ್ಲಿತ್ತು. ಡಾಲ್ಟನ್ ಅದನ್ನು ಪೂರ್ತಿ ನೋಡಲಿಲ್ಲ. 1941ರಲ್ಲಿ ಒಂದು ತರಬೇತಿ ಹಾರಾಟದ ಅಪಘಾತದಲ್ಲಿ ಅವರು ತೀರಿಕೊಂಡರು.

ತಟ್ಟೆಯ ಒಂದು ಮುಖದಲ್ಲಿ ತಿರುಗುವ ಪಾರದರ್ಶಕ ಹಾಳೆ, ಅದರ ಕೆಳಗೆ ಜಾರುವ ಪಟ್ಟಿ. ಹಾಳೆಯ ಮೇಲೆ ಪೆನ್ಸಿಲ್‌ನಿಂದ ಗಾಳಿಗೆ ಒಂದು ಚುಕ್ಕೆ ಇಡಬೇಕು. ಹೋಗುವ ದಿಕ್ಕಿಗೆ ತಿರುಗಿಸಬೇಕು. ಚುಕ್ಕೆ ವಿಮಾನದ ವೇಗದ ಗೆರೆಗೆ ಬರುವ ತನಕ ಪಟ್ಟಿ ಜಾರಿಸಬೇಕು. ಉತ್ತರ ಕಣ್ಣಿಗೇ ಕಾಣುತ್ತದೆ. ಚುಕ್ಕೆ ಎಡಕ್ಕೋ ಬಲಕ್ಕೋ, ಗಾಳಿ ಎದುರಿಗೋ ಹಿಂದಕ್ಕೋ ಅನ್ನುವುದು ಚಿತ್ರದಂತೆ ಮುಂದೆ ಇರುತ್ತದೆ. ನಮ್ಮ ವಿದ್ಯಾರ್ಥಿನಿ ಮಾಡಿದ ತಪ್ಪು ಇಲ್ಲಿ ಆಗಬಹುದಿತ್ತು, ಆದರೆ ಕಣ್ಣಿಗೆ ಬಿದ್ದುಬಿಡುವ ಸಾಧ್ಯತೆ ಜಾಸ್ತಿ ಇತ್ತು.

ಇನ್ನೊಂದು ಮುಖ ದುಂಡಗಿನ ಸ್ಲೈಡ್ ರೂಲ್, ಅಂದರೆ ಅಂಕಿಗಳ ಎರಡು ಅಳತೆಪಟ್ಟಿಗಳನ್ನು ಒಂದರ ಪಕ್ಕ ಒಂದು ಸರಿಸಿ ಲೆಕ್ಕ ಮಾಡುವ ಸಾಧನ. ಗುಣಾಕಾರ, ಭಾಗಾಕಾರ ಮಾಡುತ್ತದೆ. ಈ ಮುಖಕ್ಕೆ ಒಂದು ವಿಶೇಷ ಗುಣ ಇದೆ, ಈ ಇಡೀ ಬರಹ ನಿಂತಿರುವುದೇ ಅದರ ಮೇಲೆ. ಸ್ಲೈಡ್ ರೂಲ್‌ಗೆ ದಶಮಾಂಶ ಚುಕ್ಕೆ ಗೊತ್ತಿಲ್ಲ. ಅದು "28" ಅಂತ ತೋರಿಸುತ್ತದೆ. ಅದು 2.8 ಲೀಟರೋ, 28 ಲೀಟರೋ, 280 ಲೀಟರೋ ಅನ್ನುವುದನ್ನು ನೀವೇ ಹೇಳಬೇಕು. ಅಂದರೆ ತಟ್ಟೆ ತಿರುಗಿಸುವ ಮೊದಲೇ ನಿಮ್ಮ ತಲೆಯಲ್ಲಿ ಒಂದು ಅಂದಾಜು ಇರಲೇಬೇಕು. ಇಲ್ಲದಿದ್ದರೆ ಆ ಸಾಧನ ಉಪಯೋಗಕ್ಕೇ ಬರುವುದಿಲ್ಲ. ಕೊರತೆಯಂತೆ ಕಾಣುವ ಈ ಗುಣ ಎರಡು ತಲೆಮಾರಿನ ಪೈಲಟ್‌ಗಳಿಗೆ ಅಂದಾಜು ಕಟ್ಟುವ ಅಭ್ಯಾಸ ಕಲಿಸಿತು.

1996ರಲ್ಲಿ ಅಂಗೈಯಗಲದ ಒಂದು ಯಂತ್ರ ಬಂತು. ಅದರ ಹೆಸರೇ ಪೈಲಟ್. ಮುಂದೆ ಪಾಮ್ ಪೈಲಟ್ ಅಂತ ಜನರ ಬಾಯಲ್ಲಿ ಉಳಿಯಿತು. ಮೊದಲ ಮಾದರಿಯ ನೆನಪಿನ ಶಕ್ತಿ ಬರೀ 128 ಕಿಲೋಬೈಟ್, ಓಡುತ್ತಿದ್ದದ್ದು ಎರಡು ಪುಟ್ಟ ಬ್ಯಾಟರಿ ಸೆಲ್‌ಗಳ ಮೇಲೆ. ವಿಮಾನ ಹಾರಿಸುವುದಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಆದರೆ ಹವ್ಯಾಸಿ ಪೈಲಟ್‌ಗಳಲ್ಲಿ ಪ್ರೋಗ್ರಾಮ್ ಬರೆಯಬಲ್ಲವರು ಕೂಡಲೇ ಅದರ ಮೇಲೆ ಕಣ್ಣಿಟ್ಟರು. ನಾಲ್ಕು ಸೈನ್, ನಾಲ್ಕು ಕೊಸೈನ್ ಲೆಕ್ಕಕ್ಕೆ 128 ಕಿಲೋಬೈಟ್ ಧಾರಾಳ ಸಾಕು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ನಕ್ಷೆ, ಹವಾಮಾನ, ಲೆಕ್ಕ ಎಲ್ಲವೂ ಒಂದೇ ಹಲಗೆಗೆ ಸೇರಿಕೊಂಡವು. ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳು ಹೊತ್ತು ತಿರುಗುತ್ತಿದ್ದ ನಕ್ಷೆ, ಕೈಪಿಡಿಗಳ ಚೀಲವೇ ಸುಮಾರು 16 ಕಿಲೋ ತೂಗುತ್ತಿತ್ತು. 2013ರ ಹೊತ್ತಿಗೆ ಅವರ ಕಾಕ್‌ಪಿಟ್‌ಗಳಲ್ಲಿ ಆ ಚೀಲದ ಜಾಗಕ್ಕೆ ಐಪ್ಯಾಡ್ ಬಂದಿತ್ತು.

ಜಕ್ಕೂರಿನ ನೆಲ ಏಪ್ರಿಲ್‌ನಲ್ಲಿ ಎಷ್ಟು ಎತ್ತರ?

ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. ಬೆಂಗಳೂರಿನವರು ಇದನ್ನು ತಿಳಿದುಕೊಳ್ಳಲೇಬೇಕು.

ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ನೆಲ ಅಲ್ಲಾಡುವುದಿಲ್ಲ, ಸರಿ. ಆದರೆ ವಿಮಾನಕ್ಕೆ ನೆಲದ ಎತ್ತರ ಮುಖ್ಯವಲ್ಲ, ಗಾಳಿ ಎಷ್ಟು ದಟ್ಟವಾಗಿದೆ ಅನ್ನುವುದು ಮುಖ್ಯ. ರೆಕ್ಕೆ ಎತ್ತುವುದು ಗಾಳಿಯನ್ನು ಹಿಡಿದು. ಎಂಜಿನ್ ಉಸಿರಾಡುವುದು ಅದೇ ಗಾಳಿಯನ್ನು. ಪ್ರೊಪೆಲ್ಲರ್ ಕಚ್ಚಿಕೊಳ್ಳುವುದೂ ಅದನ್ನೇ. ಬಿಸಿಯಾದರೆ ಗಾಳಿ ಹಿಗ್ಗಿ ತೆಳ್ಳಗಾಗುತ್ತದೆ. ಆಗ ಮೂರೂ ಒಟ್ಟಿಗೇ ಸೊರಗುತ್ತವೆ.

ಇದನ್ನು ಒಂದೇ ಅಂಕಿಯಲ್ಲಿ ಹೇಳಲು ಪೈಲಟ್‌ಗಳು ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುತ್ತಾರೆ. ಇವತ್ತಿನ ಗಾಳಿ ಇಷ್ಟು ತೆಳ್ಳಗಿದೆ, ಮಾಮೂಲಿ ದಿನ ಎಷ್ಟು ಎತ್ತರಕ್ಕೆ ಹೋದರೆ ಇಂಥ ಗಾಳಿ ಸಿಗುತ್ತದೆ? ಆ ಎತ್ತರವೇ ಇದು. ಮಾಮೂಲಿ ದಿನಕ್ಕೆ ಒಂದು ಒಪ್ಪಿದ ಅಳತೆ ಇದೆ: ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್, 1013 ಹೆಕ್ಟೊಪಾಸ್ಕಲ್ ಒತ್ತಡ, ಮೇಲೆ ಹೋದಂತೆ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಕೆ.

ಈಗ ಲೆಕ್ಕ ಹಾಕೋಣ. 3,000 ಅಡಿಯಲ್ಲಿ ಮಾಮೂಲಿ ತಾಪ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ ಜಕ್ಕೂರಿನಲ್ಲಿ 34 ಡಿಗ್ರಿ ಇದೆ ಅಂದುಕೊಳ್ಳಿ. ವ್ಯತ್ಯಾಸ 25 ಡಿಗ್ರಿ. ಒಂದೊಂದು ಡಿಗ್ರಿಗೂ 120 ಅಡಿ ಸೇರಿಸಬೇಕು ಅನ್ನುವುದು ಪೈಲಟ್‌ಗಳ ಸುಲಭ ಸೂತ್ರ. 25ನ್ನು 120ರಿಂದ ಗುಣಿಸಿದರೆ 3,000 ಅಡಿ. ಒಟ್ಟು 6,000 ಅಡಿ!

ನೆಲದ ಮೇಲೆ ನಿಂತಿರುವ ವಿಮಾನ ಆಗಲೇ 6,000 ಅಡಿಯ ಗಾಳಿಯಲ್ಲಿದೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ. ಹತ್ತಿರ ಹತ್ತಿರ ಅಲ್ಲಿಂದ ಟೇಕಾಫ್ ಆಗುವ ಹಾಗೆ. ಅದೇ ದಿನ ಮಂಗಳೂರಿನಲ್ಲಿ 32 ಡಿಗ್ರಿ ಇದ್ದರೆ ಬಜ್ಪೆಯ ರನ್‌ವೇಯಲ್ಲಿ ಈ ಅಂಕಿ 2,500 ಅಡಿಯನ್ನೂ ಮುಟ್ಟುವುದಿಲ್ಲ. ಎರಡೂ ಊರಿನವರಿಗೆ ಬೆವರು ಒಂದೇ, ವಿಮಾನಗಳಿಗೆ ದಿನ ಬೇರೆ ಬೇರೆ.

ಇದರಿಂದ ಆಗುವುದೇನು? ಚಿಕ್ಕ ವಿಮಾನಗಳಿಗೆ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಹೇಳುವ ಒಂದು ಅಂದಾಜು ಇದೆ. ಎತ್ತರ 1,000 ಅಡಿ ಏರಿದರೆ ಟೇಕಾಫ್‌ಗೆ ಬೇಕಾದ ದೂರ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ತಾಪ 10 ಡಿಗ್ರಿ ಏರಿದರೆ ಮತ್ತೆ ನೂರಕ್ಕೆ ಹತ್ತು. ಇವನ್ನು ಕೂಡಿಸಬಾರದು, ಒಂದರ ಮೇಲೊಂದು ಗುಣಿಸಬೇಕು. ಈ ಲೆಕ್ಕದಲ್ಲಿ ಸಮುದ್ರ ಮಟ್ಟದಲ್ಲಿ, ತಂಪು ಹೊತ್ತಲ್ಲಿ 300 ಮೀಟರ್ ಓಡಿ ಏಳುವ ವಿಮಾನ ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ 500 ಮೀಟರ್ ಕೇಳುತ್ತದೆ. ಎದ್ದ ಮೇಲೂ ಮೇಲಕ್ಕೆ ಹತ್ತುವುದು ನಿಧಾನ. ತರಬೇತಿ ಹಾರಾಟಕ್ಕೆ ಬೆಳಗಿನ ಹೊತ್ತು ಒಳ್ಳೆಯದು ಅಂತ ಹಿರಿಯರು ಹೇಳುವುದು ಸುಮ್ನೆ ಅಲ್ಲ.

ಆ್ಯಪ್ ಇದನ್ನು ಹೇಗೆ ಮಾಡುತ್ತದೆ? ಡೆನ್ಸಿಟಿ ಆಲ್ಟಿಟ್ಯೂಡ್‌ಗೆ ಸೂತ್ರ ಇದೆ. ಆದರೆ ಟೇಕಾಫ್ ದೂರಕ್ಕೆ ಚೆಂದದ ಸೂತ್ರ ಇಲ್ಲ. ಅದು ವಿಮಾನ ತಯಾರಿಸಿದವರು ಹಾರಿಸಿ, ಅಳೆದು ಕೈಪಿಡಿಯಲ್ಲಿ ಕೊಟ್ಟ ಕೋಷ್ಟಕ. 2,000 ಅಡಿಗೆ ಒಂದು ಸಾಲು, 3,000ಕ್ಕೆ ಒಂದು ಸಾಲು. 20 ಡಿಗ್ರಿಗೆ ಒಂದು ಕಂಬ, 30ಕ್ಕೆ ಒಂದು ಕಂಬ. ನಿಮ್ಮ ದಿನ 34 ಡಿಗ್ರಿ ಇದ್ದರೆ 30 ಮತ್ತು 40ರ ನಡುವಿನ ಅಂಕಿಯನ್ನು ಆ್ಯಪ್ ಲೆಕ್ಕ ಹಾಕಿ ತೆಗೆಯುತ್ತದೆ. ಇಲ್ಲಿಯ ತನಕ ಸರಿ. ಕೋಷ್ಟಕ 40ಕ್ಕೆ ಮುಗಿದು, ಹೊರಗೆ 43 ಇದ್ದರೆ? ಕಲಬುರಗಿ, ರಾಯಚೂರಿನ ಬೇಸಿಗೆ ಬಲ್ಲವರಿಗೆ ಇದು ಬರೀ ಊಹೆಯ ಪ್ರಶ್ನೆ ಅಲ್ಲ. ಗಣಿತಕ್ಕೆ ಗೆರೆಯನ್ನು ಮುಂದಕ್ಕೆ ಎಳೆಯುವುದು ಏನೂ ಕಷ್ಟವಲ್ಲ. ಆದರೆ ಅಲ್ಲಿ ಯಾರೂ ಹಾರಿಸಿ ನೋಡಿಲ್ಲ. ಒಳ್ಳೆಯ ಆ್ಯಪ್ ಅಲ್ಲಿ ಉತ್ತರ ಕೊಡುವುದಿಲ್ಲ, "ಕೋಷ್ಟಕದ ಹೊರಗೆ" ಅಂತ ಹೇಳಿ ನಿಲ್ಲುತ್ತದೆ. ಈ ಒಂದು ಗುಣಕ್ಕಾಗಿಯೇ ನಾನು ಒಂದು ಆ್ಯಪ್ ಅನ್ನು ಇನ್ನೊಂದಕ್ಕಿಂತ ಮೇಲೆ ಇಡುತ್ತೇನೆ.

1990ರ ಜೂನ್ 26ರಂದು ಅಮೆರಿಕದ ಫೀನಿಕ್ಸ್‌ನಲ್ಲಿ ತಾಪ 122 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಅಂದರೆ 50 ಡಿಗ್ರಿ ಸೆಲ್ಸಿಯಸ್. ವಿಮಾನ ಕಂಪನಿಗಳ ಕೋಷ್ಟಕಗಳು 120ಕ್ಕೇ ಮುಗಿದಿದ್ದವು. ಟೇಕಾಫ್‌ಗಳು ನಿಂತವು. ಎಂಜಿನ್ ಕೆಟ್ಟಿರಲಿಲ್ಲ, ರನ್‌ವೇ ಕರಗಿರಲಿಲ್ಲ. ಪುಟದಲ್ಲಿ ಅಂಕಿ ಇರಲಿಲ್ಲ, ಅಷ್ಟೇ. ಅಂಕಿ ಇಲ್ಲದೆ ಹಾರುವುದಿಲ್ಲ ಅಂತ ಆ ದಿನ ನಿಂತವರನ್ನು ನಾನು ತರಗತಿಯಲ್ಲಿ ಯಾವಾಗಲೂ ನೆನೆಯುತ್ತೇನೆ.

ಎತ್ತಿನ ಗಾಡಿಯ ಪಾಠ

ಎತ್ತಿನ ಗಾಡಿಗೆ ಹುಲ್ಲು ಹೇರುವವರು ಅಚ್ಚಿನ ಹಿಂದೆ ಜಾಸ್ತಿ ಹೇರಿದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕುತ್ತಿಗೆಯನ್ನು ಎತ್ತಿ ಹಿಡಿಯುತ್ತದೆ. ಮುಂದೆ ಜಾಸ್ತಿಯಾದರೆ ನೊಗ ಕುತ್ತಿಗೆಯ ಮೇಲೆ ಕೂರುತ್ತದೆ. ಒಟ್ಟು ತೂಕ ಎರಡೂ ಸಲ ಅದೇ. ಅದು ಎಲ್ಲಿ ಕೂತಿದೆ ಅನ್ನುವುದರಿಂದ ಗಾಡಿಯ ನಡಿಗೆ ಬದಲಾಗುತ್ತದೆ.

ವಿಮಾನದಲ್ಲಿ ಇದಕ್ಕೆ ವೇಟ್ ಅಂಡ್ ಬ್ಯಾಲೆನ್ಸ್ ಅನ್ನುತ್ತಾರೆ. ಒಂದು ಗೊತ್ತಾದ ಜಾಗದಿಂದ ಪ್ರತಿ ಸೀಟು, ಸಾಮಾನಿನ ಗೂಡು, ಇಂಧನದ ಟ್ಯಾಂಕು ಎಷ್ಟು ದೂರ ಇದೆ ಅಂತ ಕೈಪಿಡಿಯಲ್ಲಿ ಇರುತ್ತದೆ. ತೂಕವನ್ನು ಆ ದೂರದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಭಾರದ ನಡುಬಿಂದು ಸಿಗುತ್ತದೆ. ಲೆಕ್ಕಕ್ಕೆ ಅನುಕೂಲವಾಗುವಂತೆ ಹೇಳುತ್ತೇನೆ. ಖಾಲಿ ವಿಮಾನ 760 ಕಿಲೋ, 1 ಮೀಟರ್ ದೂರದಲ್ಲಿ. ಮುಂದೆ ಇಬ್ಬರು ಸೇರಿ 150 ಕಿಲೋ, 0.94 ಮೀಟರ್. ಹಿಂದೆ ಒಬ್ಬರು 70 ಕಿಲೋ, 1.85 ಮೀಟರ್. ಬ್ಯಾಗು 30 ಕಿಲೋ, 2.4 ಮೀಟರ್. ಇಂಧನ 100 ಕಿಲೋ, 1.22 ಮೀಟರ್. ಗುಣಿಸಿ ಕೂಡಿದರೆ 1,224.5. ಒಟ್ಟು ತೂಕ 1,110 ಕಿಲೋ. ಭಾಗಿಸಿದರೆ ನಡುಬಿಂದು 1.10 ಮೀಟರ್. ಇದು ಕೈಪಿಡಿ ಕೊಟ್ಟ ಮಿತಿಯೊಳಗೆ ಇದೆಯೇ ಅಂತ ನೋಡಬೇಕು. ತೀರಾ ಹಿಂದಕ್ಕೆ ಹೋದರೆ ಮೂತಿ ತಾನಾಗಿ ಮೇಲೇಳಲು ನೋಡುತ್ತದೆ, ಹಿಡಿತ ತಪ್ಪಿದರೆ ಮತ್ತೆ ಹಿಡಿತಕ್ಕೆ ತರುವುದು ಕಷ್ಟ. ತೀರಾ ಮುಂದಕ್ಕೆ ಬಂದರೆ ಇಳಿಯುವಾಗ ಮೂತಿ ಎತ್ತಲು ಬಲ ಸಾಲದು.

ನಾಲ್ಕು ಸೀಟಿನ ಎಷ್ಟೋ ಚಿಕ್ಕ ವಿಮಾನಗಳಲ್ಲಿ ನಾಲ್ಕು ಜನ ದೊಡ್ಡವರು ಮತ್ತು ತುಂಬಿದ ಟ್ಯಾಂಕು ಎರಡೂ ಒಟ್ಟಿಗೆ ಆಗುವುದಿಲ್ಲ. ಸೀಟು ಇದೆ ಅಂದ ಮಾತ್ರಕ್ಕೆ ಜನ ಕೂರಬಹುದು ಅಂತ ಅಲ್ಲ. ಈ ಕೆಲಸಕ್ಕೆ ಆ್ಯಪ್ ನಿಜವಾಗಿ ದೊಡ್ಡ ಉಪಕಾರ ಮಾಡಿದೆ. ಇಂಧನ ಖರ್ಚಾದಂತೆ ನಡುಬಿಂದು ಹೇಗೆ ಸರಿಯುತ್ತದೆ ಅನ್ನುವುದನ್ನೂ ಗೆರೆ ಎಳೆದು ತೋರಿಸುತ್ತದೆ. ಕೈಯಲ್ಲಿ ಮಾಡುವಾಗ ಬೇಸರದಿಂದ ಬಿಟ್ಟುಬಿಡುತ್ತಿದ್ದವರು ಈಗ ಮಾಡುತ್ತಾರೆ. ಒಳ್ಳೆಯ ಗುಣವನ್ನು ಹೇಳಲೇಬೇಕು.

ಲೀಟರ್, ಪೌಂಡ್, ಕಿಲೋ

ಇಂಧನದ ಲೆಕ್ಕದಲ್ಲಿ ಗುಣಿಸುವುದು, ಭಾಗಿಸುವುದು ಬಿಟ್ಟರೆ ಬೇರೇನಿಲ್ಲ. ಆದರೂ ಜಗತ್ತಿನ ಅತಿ ಪ್ರಸಿದ್ಧ ಲೆಕ್ಕದ ತಪ್ಪು ಇಲ್ಲೇ ಆಯಿತು.

1983ರ ಜುಲೈ 23. ಏರ್ ಕೆನಡಾದ ಬೋಯಿಂಗ್ 767, ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ. ಇಂಧನ ತೋರಿಸುವ ಮಾಪಕ ಕೆಟ್ಟಿತ್ತು. ಹಾಗಾಗಿ ಟ್ಯಾಂಕಿಗೆ ಕಡ್ಡಿ ಹಾಕಿ ಅಳೆದರು: 7,682 ಲೀಟರ್. ಪ್ರಯಾಣಕ್ಕೆ ಬೇಕಿದ್ದದ್ದು 22,300 ಕಿಲೋ. ಲೀಟರನ್ನು ಕಿಲೋ ಮಾಡಲು ಸುಮಾರು 0.8ರಿಂದ ಗುಣಿಸಬೇಕಿತ್ತು. ಅವರು 1.77ರಿಂದ ಗುಣಿಸಿದರು. 1.77 ಅನ್ನುವುದು ಲೀಟರಿಗೆ ಎಷ್ಟು ಪೌಂಡ್ ಅನ್ನುವ ಅಂಕಿ. ಆ ಕಂಪನಿಯ ಹಳೆಯ ವಿಮಾನಗಳು ಪೌಂಡ್ ಲೆಕ್ಕದವು, ಈ ಹೊಸ ವಿಮಾನ ಕಿಲೋ ಲೆಕ್ಕದ್ದು. 20,000 ಲೀಟರ್ ತುಂಬಬೇಕಾದಲ್ಲಿ 5,000 ಲೀಟರಿಗೂ ಕಡಿಮೆ ತುಂಬಿದರು. ಬೇಕಾದದ್ದರ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ವಿಮಾನ ಹೊರಟಿತು. 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿಯತೊಡಗಿ, ಎಂಜಿನ್‌ಗಳು ಒಂದಾದ ಮೇಲೊಂದು ನಿಂತವು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಗ್ಲೈಡರ್ ಹಾರಿಸಿ ಬಲ್ಲವರು. ಎಂಜಿನ್ ಇಲ್ಲದ ಆ ದೊಡ್ಡ ವಿಮಾನವನ್ನು ಗಿಮ್ಲಿ ಎಂಬಲ್ಲಿಯ ಹಳೆಯ ವಾಯುಪಡೆ ರನ್‌ವೇಗೆ ತಂದು ಇಳಿಸಿದರು. ಒಳಗಿದ್ದ 69 ಜನರೂ ಉಳಿದರು.

ಇಲ್ಲಿ ಗಮನಿಸಿ. ಅವರ ಗುಣಾಕಾರದಲ್ಲಿ ಒಂದೂ ತಪ್ಪಿರಲಿಲ್ಲ. ಒಬ್ಬರಲ್ಲ, ಹಲವರು ಸೇರಿ ಆ ಲೆಕ್ಕ ನೋಡಿದ್ದರು. ವಿಮಾನದ ಇಂಧನ ನೀರಿಗಿಂತ ಹಗುರ. ಹಾಗಿದ್ದ ಮೇಲೆ ಒಂದು ಲೀಟರ್ ಒಂದು ಕಿಲೋಗಿಂತ ಕಡಿಮೆಯೇ ತೂಗಬೇಕು. 7,682 ಲೀಟರ್ 13,000 ಕಿಲೋ ದಾಟಲು ಹೇಗೆ ಸಾಧ್ಯ? ಈ ಒಂದು ಪ್ರಶ್ನೆ ಆ ದಿನ ಯಾರಿಗೂ ಹೊಳೆಯಲಿಲ್ಲ.

ಇವತ್ತಿನ ಆ್ಯಪ್‌ನಲ್ಲಿ ಲೀಟರ್, ಅಮೆರಿಕದ ಗ್ಯಾಲನ್, ಬ್ರಿಟನ್ನಿನ ಗ್ಯಾಲನ್, ಪೌಂಡ್, ಕಿಲೋ ಎಲ್ಲವೂ ಒಂದು ಬೆರಳಿನ ದೂರದಲ್ಲಿವೆ. ಅದೇ ಅನುಕೂಲ, ಅದೇ ಅಪಾಯ. ಹಾರಾಟದ ನಡುವೆ ವಿಮಾನ ಕುಲುಕಿದಾಗ ಬೆರಳು ಪಕ್ಕದ ಸಾಲಿಗೆ ತಾಗಿದರೆ ಸಾಕು.

ಒಂದು ಅಂಕಿ

2009ರ ಮಾರ್ಚ್ 20ರ ರಾತ್ರಿ, ಮೆಲ್ಬರ್ನ್. ದುಬೈಗೆ ಹೊರಟ ಎಮಿರೇಟ್ಸ್‌ನ ಏರ್‌ಬಸ್ ಎ340. ಟೇಕಾಫ್ ಲೆಕ್ಕಕ್ಕೆ ಕಾಕ್‌ಪಿಟ್‌ನಲ್ಲಿ ಲ್ಯಾಪ್‌ಟಾಪ್ ಇತ್ತು. ತೂಕ 362.9 ಟನ್. ಕೈ ತಪ್ಪಿ ಬಿದ್ದದ್ದು 262.9. ಲ್ಯಾಪ್‌ಟಾಪ್ ಆ ಹಗುರ ವಿಮಾನಕ್ಕೆ ಸರಿಯಾದ ವೇಗ, ಸರಿಯಾದ ಎಂಜಿನ್ ಬಲ ಕೊಟ್ಟಿತು. ನೂರು ಟನ್ ಜಾಸ್ತಿ ತೂಕದ ನಿಜವಾದ ವಿಮಾನ ಅಷ್ಟರಲ್ಲಿ ಏಳಲಿಲ್ಲ. ಬಾಲ ರನ್‌ವೇಗೆ ಉಜ್ಜಿತು. ರನ್‌ವೇ ಮುಗಿದು ಆಚೆಯ ಹುಲ್ಲಿನ ಮೇಲೂ ಹೋಯಿತು. ಕ್ಯಾಪ್ಟನ್ ಎಂಜಿನ್‌ಗೆ ಪೂರ್ತಿ ಬಲ ಕೊಟ್ಟ ಮೇಲೆ ಹೇಗೋ ಎದ್ದು, ಸುತ್ತಿ ಬಂದು ಇಳಿಯಿತು. ಒಳಗೆ 275 ಜನ ಇದ್ದರು. ಎಲ್ಲರೂ ಬದುಕಿದರು.

ಅದಕ್ಕೆ ಸುಮಾರು ನಾಲ್ಕೂವರೆ ವರ್ಷ ಮೊದಲು, 2004ರ ಅಕ್ಟೋಬರ್ 14ರಂದು, ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಹಾಗೆ ಆಗಲಿಲ್ಲ. ಎಂಕೆ ಏರ್‌ಲೈನ್ಸ್‌ನ ಸರಕು ಸಾಗಿಸುವ 747. ಲ್ಯಾಪ್‌ಟಾಪ್‌ನಲ್ಲಿ ಹಿಂದಿನ ಹಾರಾಟದ ತೂಕವೇ ಉಳಿದುಕೊಂಡು, ಅದರ ಮೇಲೆ ಲೆಕ್ಕ ಆಗಿತ್ತು ಎಂಬ ತೀರ್ಮಾನಕ್ಕೆ ತನಿಖೆ ಬಂತು. ನಿಜವಾದ ತೂಕ ಅದಕ್ಕಿಂತ ನೂರು ಟನ್‌ಗೂ ಹೆಚ್ಚು. ವಿಮಾನ ರನ್‌ವೇ ದಾಟಿ ಮಣ್ಣಿನ ದಿಬ್ಬಕ್ಕೆ ಬಡಿಯಿತು. ಏಳು ಜನ ಸಿಬ್ಬಂದಿಯೂ ಸತ್ತರು.

ಇವರು ಯಾರೂ ಹೊಸಬರಲ್ಲ. ಒಂದೇ ವಿಮಾನವನ್ನು ಒಂದು ದಿನ ಹಗುರವಾಗಿ, ಇನ್ನೊಂದು ದಿನ ಭಾರವಾಗಿ ಹಾರಿಸುವಾಗ ವೇಗದ ಅಂಕಿಗಳು ಎಷ್ಟು ಬದಲಾಗುತ್ತವೆ ಎಂದರೆ, ಪರದೆಯ ಮೇಲಿನ ಅಂಕಿ ನೋಡಿ "ಇದು ಸರಿ ಇಲ್ಲ" ಅಂತ ಅನಿಸುವುದೇ ನಿಂತುಹೋಗುತ್ತದೆ. ಅದಕ್ಕೇ ದೊಡ್ಡ ವಿಮಾನಗಳಲ್ಲಿ ಇಬ್ಬರು ಪೈಲಟ್‌ಗಳೂ ಬೇರೆ ಬೇರೆ ಸಾಧನದಲ್ಲಿ, ಒಬ್ಬರದನ್ನು ಒಬ್ಬರು ನೋಡದೆ ಲೆಕ್ಕ ಹಾಕಿ, ಆಮೇಲೆ ಹೋಲಿಸುವ ಪದ್ಧತಿ ಬೆಳೆದಿದೆ. ಚಿಕ್ಕ ವಿಮಾನದ ಪೈಲಟ್‌ಗೆ ಆ ಎರಡನೆಯವರು ಇರುವುದಿಲ್ಲ. ಆ ಜಾಗದಲ್ಲಿ ಅವರ ತಲೆಯಲ್ಲಿರುವ ಅಂದಾಜು ಕೂರಬೇಕು.

ಪೆನ್ಸಿಲ್ ಮೊದಲು

ನನ್ನ ತರಗತಿಯಲ್ಲಿ ಈಗ ಒಂದು ನಿಯಮ ಇದೆ. ಫೋನ್ ಮುಟ್ಟುವ ಮೊದಲು ಕಾಗದದ ಮೇಲೆ ಅಂದಾಜು ಬರೆಯಬೇಕು. ತಪ್ಪಾದರೂ ಪರವಾಗಿಲ್ಲ, ಬರೆಯಬೇಕು.

ಗಾಳಿಗೆ ಗಡಿಯಾರದ ಉಪಾಯ ಇದೆ. ಗಾಳಿಗೂ ದಾರಿಗೂ ನಡುವಿನ ಕೋನವನ್ನು ನಿಮಿಷ ಅಂದುಕೊಳ್ಳಿ. 15 ಅಂದರೆ ಕಾಲು ಗಂಟೆ, ಗಾಳಿಯ ಕಾಲು ಭಾಗ ಪಕ್ಕದಿಂದ ತಳ್ಳುತ್ತದೆ. 30 ಅಂದರೆ ಅರ್ಧ. 45 ಅಂದರೆ ಮುಕ್ಕಾಲು. 60 ದಾಟಿದರೆ ಪೂರ್ತಿ. ನಮ್ಮದು 42, ಅಂದರೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ. 25 ನಾಟ್‌ನಲ್ಲಿ 17, 18 ಪಕ್ಕದಿಂದ. ಎದುರಿನ ಪಾಲಿಗೆ 90ರಿಂದ 42 ಕಳೆಯಿರಿ, 48 ಬರುತ್ತದೆ. ಮುಕ್ಕಾಲಿಗಿಂತ ಜಾಸ್ತಿ, ಸುಮಾರು 20 ನಾಟ್. ನೂರರಲ್ಲಿ 20 ಹೋದರೆ 80. ಆ್ಯಪ್ ಕೊಟ್ಟ ಉತ್ತರವೂ 80. ಬೆರಳೆಣಿಕೆಯ ಲೆಕ್ಕ ಇಷ್ಟು ಹತ್ತಿರ ಬರುವುದನ್ನು ನೋಡಿದಾಗ ಮಕ್ಕಳ ಮುಖ ಅರಳುತ್ತದೆ. ನನಗೂ ಪ್ರತಿ ಸಲ ಖುಷಿಯಾಗುತ್ತದೆ.

ಮೂತಿ ಎಷ್ಟು ತಿರುಗಿಸಬೇಕು ಅನ್ನುವುದಕ್ಕೆ ಅರವತ್ತರ ನಿಯಮ. 60 ಮೈಲಿ ಹೋದಾಗ 1 ಮೈಲಿ ಪಕ್ಕಕ್ಕೆ ಸರಿದರೆ ಅದು 1 ಡಿಗ್ರಿ. 100 ನಾಟ್‌ನಲ್ಲಿ ಹಾರುವ ವಿಮಾನಕ್ಕೆ 17 ನಾಟ್ ಪಕ್ಕದ ಗಾಳಿ ಅಂದರೆ ಹತ್ತು ಡಿಗ್ರಿಯಷ್ಟು. ಇಂಧನಕ್ಕೆ ಇನ್ನೂ ಸುಲಭ: ಗಂಟೆಗೆ 30 ಲೀಟರ್ ಅಂದರೆ ಎರಡು ನಿಮಿಷಕ್ಕೆ ಒಂದು ಲೀಟರ್. 56 ನಿಮಿಷಕ್ಕೆ 28.

ಫೋನಿಗೆ ಅದರದೇ ಮಿತಿಗಳೂ ಇವೆ. ಐಪ್ಯಾಡ್ ಬಳಸಲು ಸುತ್ತಲಿನ ತಾಪ 35 ಡಿಗ್ರಿಯೊಳಗೆ ಇರಬೇಕು ಅಂತ ಅದನ್ನು ಮಾಡಿದವರೇ ಹೇಳುತ್ತಾರೆ. ಗಾಜಿನ ಮೇಲ್ಛಾವಣಿಯ ಕೆಳಗೆ, ಬಿಸಿಲಿನಲ್ಲಿ, ತೊಡೆಯ ಮೇಲೆ ಕಟ್ಟಿಕೊಂಡ ಪರದೆ ಅದನ್ನು ಎಷ್ಟು ಬೇಗ ದಾಟುತ್ತದೆ ಅಂತ ಬೇಸಿಗೆಯಲ್ಲಿ ಕಾರಿನೊಳಗೆ ಫೋನ್ ಬಿಟ್ಟವರಿಗೆ ಗೊತ್ತು. ತಣ್ಣಗಾಗುವ ತನಕ ಅದು ಕೆಲಸ ಮಾಡುವುದಿಲ್ಲ. ಚೀಲದಲ್ಲಿ ಆ ಹಳೆಯ ತಟ್ಟೆ ಇರಲಿ ಅಂತ ನಾನು ಹೇಳುವುದು ಅದಕ್ಕೇ. ಪ್ರಯಾಣಿಕರ ವಿಮಾನಗಳಲ್ಲಂತೂ ಇಂಥ ಸಾಧನವನ್ನು ಬಳಸಲು ನಮ್ಮಲ್ಲಿ ವಿಮಾನಯಾನವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಒಪ್ಪಿಗೆ ಬೇಕು.

ಹೊಸ ಆ್ಯಪ್ ಹಾಕಿಕೊಂಡ ದಿನ ಮಾಡಬೇಕಾದ ಒಂದು ಕೆಲಸ ಇದೆ. ವಿಮಾನದ ಕೈಪಿಡಿಯಲ್ಲಿ ಸಾಮಾನ್ಯವಾಗಿ ಒಂದು ಮಾದರಿ ಲೆಕ್ಕ ಬಿಡಿಸಿ ತೋರಿಸಿರುತ್ತಾರೆ: ಇಷ್ಟು ತೂಕ, ಇಷ್ಟು ತಾಪ, ಇಷ್ಟು ಎತ್ತರ, ಉತ್ತರ ಇಷ್ಟು. ಅವೇ ಅಂಕಿಗಳನ್ನು ಆ್ಯಪ್‌ಗೆ ಕೊಡಿ. ಉತ್ತರ ಹೊಂದಿದರೆ ಸರಿ. ಹೊಂದದಿದ್ದರೆ ಕಾರಣ ಗೊತ್ತಾಗುವ ತನಕ ಆ ಆ್ಯಪ್ ನೆಲದ ಮೇಲೇ ಇರಲಿ.